ಕೆನಡಾದ ಎಡಪಂಥೀಯರು ಯಾರಿಗೆ ಮತ ಹಾಕಬೇಕು?

2025ರ ಏಪ್ರಿಲ್ 28ರಂದು ನಡೆದ ಕೆನಡಾದ ಸಂಸತ್ ಚುನಾವಣೆಯಲ್ಲಿ ಎರಡು ಪಕ್ಷಗಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಮತ ಬಿತ್ತು. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಸ್ಪರ್ಧಿಸುವ ಬ್ಲಾಕ್ ಕೆಬೆಕ್ವಾ ಪಕ್ಷಕ್ಕೆ ದೇಶದ ಒಟ್ಟು ಮತದಲ್ಲಿ ಶೇ 6.3, ಎಡಪಕ್ಷವೆಂದು ಹೆಸರಾದ ನ್ಯೂ ಡೆಮಾಕ್ರಟಿಕ್ ಪಾರ್ಟಿಗೂ, ಅಂದರೆ ಎನ್‌ಡಿಪಿಗೂ, ಶೇ 6.3. ಬ್ಲಾಕ್ 22 ಸ್ಥಾನ ಗೆದ್ದಿತು. ಎನ್‌ಡಿಪಿಗೆ ದಕ್ಕಿದ್ದು 7. ಭಾರತದ ಲೋಕಸಭೆಯಂತೆ ಇಲ್ಲೂ ಕ್ಷೇತ್ರದಲ್ಲಿ ಉಳಿದೆಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆದ್ದವರು. ಮತ ಒಂದೆಡೆ ಒಟ್ಟಾಗಿ ಬಿದ್ದರೆ ಸ್ಥಾನ ಸಿಗುತ್ತದೆ, ದೇಶದ ತುಂಬ ಚದುರಿದರೆ ಇಲ್ಲ. ಒಂಟಾರಿಯೊದಲ್ಲಿ ಮತ ಹಾಕುವ ನನ್ನಂಥ ಎಡಪಂಥೀಯರು ಮೊದಲು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಇದು. ಆದರ್ಶ, ಸಿದ್ಧಾಂತ, ಪ್ರಣಾಳಿಕೆ ಎಲ್ಲವೂ ಆಮೇಲೆ.

ಆ ಚುನಾವಣೆಯ ಹಿನ್ನೆಲೆ ನೆನಪಿಸಿಕೊಳ್ಳೋಣ. 2025ರ ಜನವರಿಯಲ್ಲಿ ಜಸ್ಟಿನ್ ಟ್ರುಡೊ ರಾಜೀನಾಮೆ ಘೋಷಿಸಿದಾಗ ಪಿಯೆರ್ ಪೊಲಿಯೆವ್ ನೇತೃತ್ವದ ಕನ್ಸರ್ವೇಟಿವ್ ಪಕ್ಷ ಸಮೀಕ್ಷೆಗಳಲ್ಲಿ ಇಪ್ಪತ್ತು ಅಂಶಗಳಿಗೂ ಮಿಕ್ಕಿ ಮುಂದಿತ್ತು. ಅಷ್ಟರಲ್ಲಿ ಡೊನಾಲ್ಡ್ ಟ್ರಂಪ್ ಸುಂಕದ ಬೆದರಿಕೆ ಒಡ್ಡಿದರು, ಕೆನಡಾ ಅಮೆರಿಕದ 51ನೇ ರಾಜ್ಯವಾಗಲಿ ಎಂದರು. ಮಾರ್ಚ್‌ನಲ್ಲಿ ಬ್ಯಾಂಕರ್ ಮಾರ್ಕ್ ಕಾರ್ನಿ ಲಿಬರಲ್ ನಾಯಕರಾಗಿ ಪ್ರಧಾನಿಯಾದರು. ಕೆಲವೇ ವಾರಗಳಲ್ಲಿ ಗಾಳಿ ತಿರುಗಿತು. ಈ ಸಲ ಮತ ಒಡೆಯಬೇಡಿ, ಕನ್ಸರ್ವೇಟಿವ್ ಬರದಂತೆ ತಡೆಯಬೇಕೆಂದರೆ ಲಿಬರಲ್ಲರಿಗೇ ಹಾಕಿ ಎಂಬ ಮಾತು ಎಡಪಂಥೀಯರ ನಡುವೆಯೇ ಜೋರಾಗಿ ಹಬ್ಬಿತು. 2021ರಲ್ಲಿ ಎನ್‌ಡಿಪಿಗೆ ಸುಮಾರು 30 ಲಕ್ಷ ಮತ ಬಿದ್ದಿದ್ದವು, 2025ರಲ್ಲಿ ಅದು 12 ಲಕ್ಷದ ಆಸುಪಾಸಿಗೆ ಕುಸಿಯಿತು. ಪಕ್ಷದ ನಾಯಕ ಜಗ್ಮೀತ್ ಸಿಂಗ್ ಬರ್ನಬಿ ಸೆಂಟ್ರಲ್‌ನಲ್ಲಿ ಮೂರನೇ ಸ್ಥಾನಕ್ಕೆ ಇಳಿದು, ಆ ರಾತ್ರಿಯೇ ನಾಯಕತ್ವ ಬಿಡುವುದಾಗಿ ಹೇಳಿದರು. ಹೌಸ್ ಆಫ್ ಕಾಮನ್ಸ್‌ನಲ್ಲಿ ಅಧಿಕೃತ ಪಕ್ಷವೆಂಬ ಮಾನ್ಯತೆಗೆ 12 ಸದಸ್ಯರು ಬೇಕು. ಎನ್‌ಡಿಪಿ ಅದನ್ನೂ ಕಳೆದುಕೊಂಡಿತು.

ಹಾಗೆ ಮತ ಬದಲಿಸಿದವರನ್ನು ನಾನು ದೂರುವುದಿಲ್ಲ. ಅವರ ಭಯಕ್ಕೆ ಆಧಾರವಿತ್ತು. ಲಿಬರಲ್ ಮತ್ತು ಕನ್ಸರ್ವೇಟಿವ್ ನಡುವೆ ನೇರ ಹಣಾಹಣಿ ಇದ್ದ ಕ್ಷೇತ್ರಗಳಲ್ಲಿ ಅವರು ಮಾಡಿದ್ದು ಸರಿ. ತಪ್ಪಿದ್ದು ಬೇರೆ ಕಡೆ. ದೇಶದ ಗಾಳಿಯನ್ನು ನೋಡಿ ಮತ ಹಾಕಿದವರು ತಮ್ಮ ಕ್ಷೇತ್ರವನ್ನು ನೋಡಲಿಲ್ಲ.

ವಿಂಡ್ಸರ್ ವೆಸ್ಟ್ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಡೆಟ್ರಾಯಿಟ್‌ಗೆ ಎದುರಾಗಿ, ನದಿಯ ಈಚೆ ದಡದಲ್ಲಿರುವ ಕಾರು ಕಾರ್ಖಾನೆಗಳ ಊರು. ಎನ್‌ಡಿಪಿಯ ಬ್ರಯನ್ ಮ್ಯಾಸಿ 2002ರಿಂದಲೂ ಅಲ್ಲಿನ ಸಂಸದರಾಗಿದ್ದರು. ಕನ್ಸರ್ವೇಟಿವ್ ಪಕ್ಷವನ್ನು ಅಲ್ಲಿ ಇಪ್ಪತ್ತು ವರ್ಷ ತಡೆದು ನಿಲ್ಲಿಸಿದ್ದೇ ಅವರು. 2025ರಲ್ಲಿ ಕನ್ಸರ್ವೇಟಿವ್ ತಡೆಯಬೇಕೆಂದು ಜನ ಲಿಬರಲ್ ಕಡೆ ಹೊರಳಿದರು, ಮತ ಎರಡಾಯಿತು, ಕನ್ಸರ್ವೇಟಿವ್ ಗೆದ್ದಿತು. ಲಂಡನ್–ಫ್ಯಾನ್‌ಶಾ, ವಿನಿಪೆಗ್‌ನ ಎಲ್ಮ್‌ವುಡ್–ಟ್ರಾನ್ಸ್‌ಕೋನಾ ಕ್ಷೇತ್ರಗಳಲ್ಲೂ ಎನ್‌ಡಿಪಿ ಕೈಯಲ್ಲಿದ್ದ ಸ್ಥಾನ ಕನ್ಸರ್ವೇಟಿವ್ ಪಾಲಾಯಿತು. ಕಿಚನರ್ ಸೆಂಟರ್‌ನಲ್ಲಿ ಗ್ರೀನ್ ಪಕ್ಷದ ಸಂಸದ ಮೈಕ್ ಮೋರಿಸ್ ಕೆಲವೇ ನೂರು ಮತಗಳಿಂದ ಕನ್ಸರ್ವೇಟಿವ್ ಅಭ್ಯರ್ಥಿಗೆ ಸೋತರು. ವ್ಯಾಂಕೂವರ್ ದ್ವೀಪದ ನನೈಮೊ–ಲೇಡಿಸ್ಮಿತ್‌ನಲ್ಲಿ ಲಿಬರಲ್, ಎನ್‌ಡಿಪಿ, ಗ್ರೀನ್ ಮೂವರ ನಡುವೆ ಮತ ಹಂಚಿಹೋಗಿ, ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮತ ಪಡೆದ ಕನ್ಸರ್ವೇಟಿವ್ ಅಭ್ಯರ್ಥಿ ಗೆದ್ದುಬಂದರು. ಅಲ್ಲೆಲ್ಲ ಜನ ಹಾಕಿದ್ದು ತಂತ್ರದ ಮತವೇ. ಆ ತಂತ್ರ ಯಾರನ್ನು ತಡೆಯಬೇಕಿತ್ತೋ ಅವರನ್ನೇ ಗೆಲ್ಲಿಸಿತು.

ಆದ್ದರಿಂದ ನನ್ನ ವಾದ ಇಷ್ಟು: ಸೆಕ್ಯುಲರ್ ಎಡಪಂಥೀಯರು ಕೆನಡಾದಲ್ಲಿ ಪ್ರಧಾನಿಯ ಮುಖ ನೋಡಿ ಮತ ಹಾಕಬಾರದು, ಸಮೀಕ್ಷೆಯ ರಾಷ್ಟ್ರೀಯ ಅಂಕಿ ನೋಡಿಯೂ ಹಾಕಬಾರದು. ತಮ್ಮ ಕ್ಷೇತ್ರದಲ್ಲಿ ಯಾರು ಯಾರನ್ನು ಸೋಲಿಸಬಲ್ಲರು, ಗೆದ್ದು ಹೋದವರು ಸಂಸತ್ತಿನಲ್ಲಿ ಯಾವ ಚೌಕಾಸಿಗೆ ಬಲ ಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳಿಂದ ತೀರ್ಮಾನಿಸಬೇಕು. ಮತ ಎಂಬುದು ಮನಸ್ಸಾಕ್ಷಿಯ ಪ್ರದರ್ಶನವಲ್ಲ. ಅಧಿಕಾರ ಯಾರ ಕೈಗೆ, ಎಷ್ಟು, ಯಾವ ಷರತ್ತಿನ ಮೇಲೆ ಸೇರಬೇಕೆಂದು ಹೇಳುವ ಸಾಧನ.

ಚೌಕಾಸಿ ಎಂದೆ. ಕೆನಡಾದ ಎಡಪಂಥ ಕೇಂದ್ರದಲ್ಲಿ ಒಮ್ಮೆಯೂ ಅಧಿಕಾರ ಹಿಡಿದಿಲ್ಲ. ಆದರೂ ಈ ದೇಶದ ಜನ ತಮ್ಮ ಗುರುತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಉಚಿತ ವೈದ್ಯಕೀಯ ವ್ಯವಸ್ಥೆ ಎಡಪಂಥದ ಕೊಡುಗೆ. 1944ರಲ್ಲಿ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಟಾಮಿ ಡಗ್ಲಸ್ ನೇತೃತ್ವದ ಸಿಸಿಎಫ್, ಅಂದರೆ ಎನ್‌ಡಿಪಿಯ ಪೂರ್ವಜ ಪಕ್ಷ, ಸರ್ಕಾರ ರಚಿಸಿತು. 1962ರ ಜುಲೈ 1ರಂದು ಅಲ್ಲಿ ಸಾರ್ವತ್ರಿಕ ವೈದ್ಯಕೀಯ ವಿಮೆ ಜಾರಿಯಾದಾಗ ವೈದ್ಯರು ಮೂರು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದರು. ಸರ್ಕಾರ ಆ ವಿಮೆಯನ್ನು ಕೈಬಿಡಲಿಲ್ಲ. ಅದು ದೇಶದ ಕಾನೂನಾದದ್ದು 1966ರಲ್ಲಿ, ಲೆಸ್ಟರ್ ಪಿಯರ್ಸನ್ನರ ಲಿಬರಲ್ ಸರ್ಕಾರದ ಕಾಲದಲ್ಲಿ. ಆ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಬಹುಮತವಿದ್ದ ಲಿಬರಲ್ಲರು ದಶಕಗಳ ಕಾಲ ಭರವಸೆಯಾಗಿಯೇ ಉಳಿಸಿದ್ದನ್ನು ಬಹುಮತವಿಲ್ಲದ ಲಿಬರಲ್ಲರು ಮಾಡಿ ತೋರಿಸಿದರು. ಅವರ ಎಡಕ್ಕೆ ಒತ್ತುವವರು ಕೂತಿದ್ದರು.

ಇತ್ತೀಚಿನ ಉದಾಹರಣೆಯೂ ಇದೆ. 2022ರ ಮಾರ್ಚ್‌ನಲ್ಲಿ ಟ್ರುಡೊ ಅವರ ಅಲ್ಪಮತದ ಸರ್ಕಾರಕ್ಕೆ 25 ಸದಸ್ಯರ ಎನ್‌ಡಿಪಿ ಷರತ್ತಿನ ಬೆಂಬಲ ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಮುರಿದುಬೀಳುವ ಹೊತ್ತಿಗೆ ವಿಮೆಯಿಲ್ಲದ ಕುಟುಂಬಗಳಿಗೆ ಹಲ್ಲಿನ ಚಿಕಿತ್ಸೆಯ ಯೋಜನೆ ಶುರುವಾಗಿತ್ತು, ಮುಷ್ಕರದ ವೇಳೆ ಬದಲಿ ಕಾರ್ಮಿಕರನ್ನು ತರಬಾರದೆಂಬ ಕಾನೂನು ಅಂಗೀಕಾರವಾಗಿತ್ತು. ಮಧುಮೇಹದ ಔಷಧ ಮತ್ತು ಗರ್ಭನಿರೋಧಕಗಳಿಂದ ಆರಂಭವಾಗುವ ಸಾರ್ವಜನಿಕ ಔಷಧ ಯೋಜನೆಯ ಮಸೂದೆ ಮರುತಿಂಗಳೇ ಕಾನೂನಾಯಿತು. ಹಲ್ಲುನೋವಿಗೆ ನೂರಾರು ಡಾಲರ್ ತೆರಬೇಕಾದ ದೇಶದಲ್ಲಿ ನೋವು ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಬಡವರಿಗೆ ಇದು ಸಣ್ಣ ಸಂಗತಿಯಲ್ಲ. ಈ ಯೋಜನೆ ತಂದ ಎನ್‌ಡಿಪಿಗೆ 2021ರಲ್ಲಿ ಬಿದ್ದಿದ್ದು ಶೇ 18ಕ್ಕಿಂತ ಕಡಿಮೆ ಮತ. ಅದೇ ಮತದಾರರು ಮುಂದಿನ ಚುನಾವಣೆಯಲ್ಲಿ ಪಕ್ಷವನ್ನು ಕೈಬಿಟ್ಟರು. ಹಲ್ಲಿನ ಚಿಕಿತ್ಸೆಯ ಶ್ರೇಯಸ್ಸು ಲಿಬರಲ್ಲರ ಖಾತೆಗೆ ಹೋಯಿತು.

ಕಾರ್ನಿ ಸರ್ಕಾರದತ್ತ ನೋಡಿದರೆ ಎಡದಿಂದ ಒತ್ತುವವರಿಲ್ಲದ ಲಿಬರಲ್ ಪಕ್ಷ ಎತ್ತ ಸರಿಯುತ್ತದೆಂಬುದು ಕಾಣುತ್ತದೆ. ಪ್ರಧಾನಿಯಾದ ಕೂಡಲೇ ಅವರು ಬಂಡವಾಳದ ಲಾಭದ ಮೇಲೆ ತೆರಿಗೆ ಏರಿಸುವ ಪ್ರಸ್ತಾವವನ್ನು ಕೈಬಿಟ್ಟರು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಗಗನಸಿಬ್ಬಂದಿ ಮುಷ್ಕರ ಹೂಡಿದರು. ವಿಮಾನ ನೆಲದ ಮೇಲಿದ್ದಾಗ ಮಾಡುವ ಕೆಲಸಕ್ಕೂ ಸಂಬಳ ಕೊಡಿ ಎಂಬುದು ಅವರ ಮುಖ್ಯ ಬೇಡಿಕೆ. ಒಂದು ದಿನ ಕಳೆಯುವ ಮೊದಲೇ ಸರ್ಕಾರ ಕಾರ್ಮಿಕ ಸಂಹಿತೆಯ 107ನೇ ಕಲಂ ಬಳಸಿ ಕೆಲಸಕ್ಕೆ ಮರಳಲು ಆದೇಶ ಹೊರಡಿಸಿತು. ಟ್ರುಡೊ ಕಾಲದಲ್ಲಿ ರೈಲ್ವೆ, ಬಂದರು, ಅಂಚೆ ನೌಕರರ ಮೇಲೆ ಪ್ರಯೋಗಿಸಿದ್ದ ಅಸ್ತ್ರವೇ ಅದು. ಸಿಬ್ಬಂದಿ ಆದೇಶವನ್ನು ಧಿಕ್ಕರಿಸಿ ನಿಂತರು, ಕೊನೆಗೆ ಒಪ್ಪಂದವಾಯಿತು. ಅವರ ಧೈರ್ಯವೇ ಅವರನ್ನು ಕಾಪಾಡಿತು, ಸಂಸತ್ತು ಕಾಪಾಡಲಿಲ್ಲ.

ಹಾಗಿದ್ದರೂ ಏಳು ಸ್ಥಾನಕ್ಕೂ ಒಂದು ಬೆಲೆ ಇದೆ. 343 ಸ್ಥಾನಗಳಲ್ಲಿ 169 ಗೆದ್ದ ಲಿಬರಲ್ಲರಿಗೆ ಬಹುಮತಕ್ಕೆ ಮೂರು ಕಡಿಮೆಯಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಬಜೆಟ್ 170–168ರಿಂದ ಅಂಗೀಕಾರವಾದಾಗ ಎನ್‌ಡಿಪಿಯ ಇಬ್ಬರು ಸದಸ್ಯರು ಮತ ಹಾಕದೆ ಉಳಿದಿದ್ದರು. ಆ ಇಬ್ಬರ ಮೌನ ಸರ್ಕಾರಕ್ಕೆ ನೆರವಾಯಿತು. ಆದರೆ ಆ ಮೌನಕ್ಕೆ ಪ್ರತಿಯಾಗಿ ಹಲ್ಲಿನ ಚಿಕಿತ್ಸೆಯಷ್ಟು ದೊಡ್ಡದೇನನ್ನಾದರೂ ಕೇಳಿ ಪಡೆಯುವ ಶಕ್ತಿ ಏಳು ಜನರಿಗೆ ಇರಲಿಲ್ಲ. ಇಪ್ಪತ್ತೈದಕ್ಕೂ ಏಳಕ್ಕೂ ಇರುವ ವ್ಯತ್ಯಾಸ ಇದು.

ಇಲ್ಲಿಯವರೆಗೆ ಎಡಪಂಥದ ಮಾತಾಯಿತು. ಸೆಕ್ಯುಲರ್ ಎಂಬ ಇನ್ನರ್ಧದ ಲೆಕ್ಕ ಹೆಚ್ಚು ಜಟಿಲ. ನಮ್ಮ ನಡುವೆ ಜಗಳ ಹುಟ್ಟುವುದೂ ಅಲ್ಲೇ.

2021ರ ಜನಗಣತಿಯಲ್ಲಿ ಕೆನಡಾದ ಶೇ 34.6ರಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದರು. ಇಪ್ಪತ್ತು ವರ್ಷದ ಹಿಂದೆ ಅದು ಶೇ 16.5 ಇತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಅವರೇ ಈಗ ಅರ್ಧಕ್ಕಿಂತ ಹೆಚ್ಚು. ಆದರೂ 1982ರ ಹಕ್ಕುಗಳ ಸನ್ನದಿನ ಪೀಠಿಕೆ ಶುರುವಾಗುವುದು ದೇವರ ಪರಮಾಧಿಕಾರವನ್ನು ಒಪ್ಪಿಕೊಂಡು. 1999ರಲ್ಲಿ ಎನ್‌ಡಿಪಿಯ ಸಂಸದ ಸ್ವೆಂಡ್ ರಾಬಿನ್ಸನ್ ಆ ಮಾತನ್ನು ತೆಗೆಯಬೇಕೆಂಬ ನಾಗರಿಕರ ಮನವಿಯನ್ನು ಸದನದಲ್ಲಿ ಮಂಡಿಸಿದಾಗ ಅವರದೇ ಪಕ್ಷದ ನಾಯಕಿ ಅವರನ್ನು ಹಿಂದಿನ ಸಾಲಿಗೆ ಕಳಿಸಿದರು. ಧರ್ಮವಿಲ್ಲದವರು ಇಲ್ಲಿ ಮೂರರಲ್ಲೊಬ್ಬರು; ಅವರ ಪರವಾಗಿ ಬಾಯಿಬಿಟ್ಟು ಮಾತಾಡುವ ದೊಡ್ಡ ಪಕ್ಷ ಒಂದೂ ಇಲ್ಲ. ಎಡಪಕ್ಷವೂ ಅಲ್ಲ.

ಇದಕ್ಕೆ ಚಾರಿತ್ರಿಕ ಕಾರಣವಿದೆ. ಕೆನಡಾದ ಎಡಪಂಥ ಹುಟ್ಟಿದ್ದು ಚರ್ಚಿನ ಅಂಗಳದಲ್ಲಿ. 1932ರಲ್ಲಿ ಕ್ಯಾಲ್ಗರಿಯಲ್ಲಿ ಹುಟ್ಟಿದ ಸಿಸಿಎಫ್‌ನ ಮೊದಲ ನಾಯಕ ಜೆ.ಎಸ್. ವುಡ್ಸ್‌ವರ್ತ್ ಮೆಥಡಿಸ್ಟ್ ಪಾದ್ರಿಯಾಗಿದ್ದವರು. ಟಾಮಿ ಡಗ್ಲಸ್ ಬ್ಯಾಪ್ಟಿಸ್ಟ್ ಪಾದ್ರಿ. ಬಡವನ ಸೇವೆಯೇ ಸುವಾರ್ತೆ ಎಂದು ನಂಬಿದ ಈ ಜನ ಬಂಡವಾಳಶಾಹಿಯನ್ನು ಪಾಪವೆಂದೇ ಕಂಡರು. ಅವರ ಶ್ರದ್ಧೆಯಿಂದ ಬಂದ ವೈದ್ಯಕೀಯ ವ್ಯವಸ್ಥೆಯನ್ನು ನಾಸ್ತಿಕರಾದ ನಾವು ಅನುಭವಿಸುತ್ತಿದ್ದೇವೆ. ಹಾಗಾಗಿ ನಾಯಕರೊಬ್ಬರ ಖಾಸಗಿ ನಂಬಿಕೆ ಮತ ನಿರ್ಧರಿಸುವ ಅಳತೆಗೋಲಾಗಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಜಗ್ಮೀತ್ ಸಿಂಗ್ ಅವರ ಪೇಟದ ಬಗ್ಗೆ ಕ್ವಿಬೆಕ್‌ನ ಕೆಲವು ಎಡಪಂಥೀಯರಿಗಿದ್ದ ಇರಿಸುಮುರಿಸು ವುಡ್ಸ್‌ವರ್ತ್ ಅವರ ಪಾದ್ರಿತನದ ಬಗ್ಗೆ ಯಾರಿಗೂ ಇರಲಿಲ್ಲ. ಗರ್ಭಪಾತ, ಸಲಿಂಗ ವಿವಾಹ, ದಯಾಮರಣದಂಥ ವಿಷಯಗಳಲ್ಲಿ ಸಿಂಗ್ ಅವರ ಪಕ್ಷ ಧರ್ಮಗುರುಗಳ ಮಾತು ಕೇಳಿದ್ದಿಲ್ಲ. ನೋಡಬೇಕಾದ್ದು ಅದನ್ನು.

ಕ್ವಿಬೆಕ್‌ನ ವಿಷಯಕ್ಕೆ ಬರೋಣ. 2019ರ ಜೂನ್‌ನಲ್ಲಿ ಫ್ರಾನ್ಸ್ವಾ ಲೆಗೊ ಸರ್ಕಾರ ಅಂಗೀಕರಿಸಿದ 21ನೇ ಮಸೂದೆಯ ಪ್ರಕಾರ ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕರ್ತವ್ಯದ ವೇಳೆ ಧಾರ್ಮಿಕ ಚಿಹ್ನೆ ಧರಿಸುವಂತಿಲ್ಲ. ಬ್ಲಾಕ್ ಕೆಬೆಕ್ವಾ ಇದನ್ನು ಬೆಂಬಲಿಸುತ್ತದೆ. ಪಿಂಚಣಿ, ಪರಿಸರ, ಕಾರ್ಮಿಕರ ವಿಷಯದಲ್ಲೂ ಬ್ಲಾಕ್ ಎಡಕ್ಕೇ ವಾಲಿದ ಪಕ್ಷ. ಹಾಗಾದರೆ ಸೆಕ್ಯುಲರ್ ಎಡಪಂಥೀಯರಿಗೆ ಅದೇ ಸಹಜ ಆಯ್ಕೆಯಲ್ಲವೇ ಎಂದು ಕೇಳುವವರಿದ್ದಾರೆ.

ಕ್ವಿಬೆಕ್‌ನವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 1960ರ ತನಕ ಅಲ್ಲಿ ಶಾಲೆ, ಆಸ್ಪತ್ರೆ, ಹೆಣ್ಣಿನ ಬದುಕು ಎಲ್ಲವೂ ಕ್ಯಾಥೊಲಿಕ್ ಚರ್ಚಿನ ಹಿಡಿತದಲ್ಲಿದ್ದವು. ಮುಖ್ಯಮಂತ್ರಿ ಮೊರೀಸ್ ಡ್ಯುಪ್ಲೆಸಿ 1936ರಲ್ಲಿ ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಮೇಲ್ಗಡೆ ಶಿಲುಬೆ ತೂಗುಹಾಕಿಸಿದರು. ಅದನ್ನು ಕೆಳಗಿಳಿಸಿದ್ದು 2019ರಲ್ಲಿ. ಆ ಹಿಡಿತದಿಂದ ಬಿಡಿಸಿಕೊಂಡವರ ಮೊಮ್ಮಕ್ಕಳಿಗೆ ತರಗತಿಯಲ್ಲಿ ಯಾವ ಧರ್ಮದ ಗುರುತೂ ಬೇಡವೆನ್ನಿಸಿದರೆ ಅದು ದ್ವೇಷವೇ ಆಗಬೇಕಿಲ್ಲ. 1997ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿಸಿ ಧರ್ಮಾಧಾರಿತ ಶಾಲಾ ಮಂಡಳಿಗಳನ್ನು ರದ್ದುಪಡಿಸಿದ ಕ್ವಿಬೆಕ್ ಈ ವಿಷಯದಲ್ಲಿ ಒಂಟಾರಿಯೊಗಿಂತ ಬಹಳ ಮುಂದಿದೆ.

ಆದರೆ 21ನೇ ಮಸೂದೆಯ ಪೆಟ್ಟು ಬಿದ್ದದ್ದು ಚರ್ಚಿನ ಅಧಿಕಾರದ ಮೇಲಲ್ಲ. 2021ರ ಡಿಸೆಂಬರ್‌ನಲ್ಲಿ ಚೆಲ್ಸಿ ಎಂಬ ಊರಿನ ಶಾಲೆಯಲ್ಲಿ ಹಿಜಾಬ್ ತೊಟ್ಟಿದ್ದ ಶಿಕ್ಷಕಿಯೊಬ್ಬರನ್ನು ತರಗತಿಯಿಂದ ಹೊರಗೆ ತೆಗೆದರು. ಮಕ್ಕಳಿಗೆ ಪಾಠ ಹೇಳುತ್ತಿದ್ದ ಆ ಹೆಣ್ಣುಮಗಳ ಕೈಯಲ್ಲಿ ಯಾವ ಧಾರ್ಮಿಕ ಅಧಿಕಾರವಿತ್ತು? ಪ್ರಭುತ್ವವು ಯಾವ ಧರ್ಮಕ್ಕೂ ಹಣ, ಅಧಿಕಾರ, ವಿನಾಯಿತಿ ಕೊಡಬಾರದು ಎಂಬುದು ನಾನು ಒಪ್ಪುವ ಧರ್ಮನಿರಪೇಕ್ಷತೆ. ಪ್ರಭುತ್ವವು ಕೆಲಸಗಾರ್ತಿಯ ತಲೆಯ ಬಟ್ಟೆ ಬಿಚ್ಚಿಸಬೇಕು ಎಂಬುದು ಬೇರೆಯೇ ಮಾತು. ನಂಬಿಕೆಯಿಲ್ಲದವರನ್ನೂ ಸೇರಿಸಿಕೊಂಡಿರುವ ಕ್ವಿಬೆಕ್‌ನದೇ ಎಡಪಕ್ಷ ಕ್ವಿಬೆಕ್ ಸೊಲಿಡೇರ್ 2019ರಲ್ಲಿ ದೀರ್ಘ ಚರ್ಚೆಯ ಬಳಿಕ ಇಂಥ ನಿಷೇಧ ಬೇಡವೆಂದು ತೀರ್ಮಾನಿಸಿತು. 2017ರ ಜನವರಿಯಲ್ಲಿ ಕ್ವಿಬೆಕ್ ನಗರದ ಮಸೀದಿಯಲ್ಲಿ ಪ್ರಾರ್ಥನೆಗೆ ಬಂದಿದ್ದ ಆರು ಜನರನ್ನು ಬಂದೂಕುಧಾರಿಯೊಬ್ಬ ಕೊಂದಿದ್ದ. ಆ ನೆಲದಲ್ಲಿ ಮುಸ್ಲಿಮರ ಉಡುಪನ್ನು ಕಾನೂನಿನ ಗುರಿಯಾಗಿಸುವುದರ ಅರ್ಥ ಆ ಪಕ್ಷದವರಿಗೆ ಗೊತ್ತಿತ್ತು.

ಇನ್ನೂ ಮುಖ್ಯವಾದದ್ದು ಆ ಕಾನೂನನ್ನು ಉಳಿಸಿಕೊಂಡ ಬಗೆ. ಹಕ್ಕುಗಳ ಸನ್ನದಿನ 33ನೇ ಕಲಂ ಒಂದು ವಿಚಿತ್ರ ಅಧಿಕಾರವನ್ನು ಶಾಸನಸಭೆಗಳಿಗೆ ಕೊಡುತ್ತದೆ. ಒಂದು ಕಾನೂನು ಕೆಲವು ಮೂಲಭೂತ ಹಕ್ಕುಗಳನ್ನು ಉಲ್ಲಂಘಿಸಿದರೂ ಐದು ವರ್ಷ ಜಾರಿಯಲ್ಲಿರಲಿ ಎಂದು ಸಭೆ ಘೋಷಿಸಬಹುದು, ಐದು ವರ್ಷ ಮುಗಿದ ಮೇಲೆ ಮತ್ತೆ ಘೋಷಿಸಬಹುದು. ಕ್ವಿಬೆಕ್ ಮಾಡಿದ್ದು ಅದನ್ನೇ. ನ್ಯಾಯಾಲಯ ಬಾಯಿ ತೆರೆಯುವ ಮೊದಲೇ ಹಕ್ಕನ್ನು ಪಕ್ಕಕ್ಕಿಟ್ಟಿತು. ಆಗ ಇಂಗ್ಲಿಷ್ ಕೆನಡಾದ ಹಲವು ಸೆಕ್ಯುಲರ್ ಮಿತ್ರರು, ಹೋಗಲಿ ಬಿಡಿ, ಧರ್ಮದ ವಿಷಯವಷ್ಟೇ ತಾನೇ ಎಂದರು.

ಮೂರು ವರ್ಷ ಕಳೆಯಿತು. 2022ರ ನವೆಂಬರ್‌ನಲ್ಲಿ ಒಂಟಾರಿಯೊದ ಡಗ್ ಫೋರ್ಡ್ ಸರ್ಕಾರ 55,000 ಶಾಲಾ ನೌಕರರ ಮುಷ್ಕರವನ್ನು ಕಾನೂನುಬಾಹಿರಗೊಳಿಸಲು ಅದೇ 33ನೇ ಕಲಂ ಬಳಸಿತು. ಅವರು ಜಾಡಮಾಲಿಗಳು, ಗುಮಾಸ್ತರು, ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಸಹಾಯಕರು. ಮುಷ್ಕರ ಹೂಡಿದವರಿಗೆ ದಿನಕ್ಕೆ 4,000 ಡಾಲರ್ ತನಕ ದಂಡ. ನೌಕರರು ಅಂಜದೆ ಬೀದಿಗಿಳಿದರು, ಬೇರೆ ಸಂಘಟನೆಗಳು ಸಾರ್ವತ್ರಿಕ ಮುಷ್ಕರದ ಮಾತೆತ್ತಿದವು, ಸರ್ಕಾರ ಎರಡೇ ವಾರದಲ್ಲಿ ಕಾನೂನನ್ನು ಹಿಂತೆಗೆದುಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಆಲ್ಬರ್ಟಾ ಸರ್ಕಾರ ಸುಮಾರು 51,000 ಶಿಕ್ಷಕರನ್ನು ಕೆಲಸಕ್ಕೆ ಮರಳಿಸಲು ಹಿಡಿದದ್ದೂ ಇದೇ ದಾರಿ. ಮುಸ್ಲಿಂ ಶಿಕ್ಷಕಿಯ ಹಕ್ಕನ್ನು ಪಕ್ಕಕ್ಕಿಡಲು ತೆಗೆದ ಬಾಗಿಲಿನಿಂದಲೇ ಕಾರ್ಮಿಕನ ಹಕ್ಕೂ ಹೊರಗೆ ಹೋಯಿತು. ಸೆಕ್ಯುಲರ್ ಪ್ರಶ್ನೆ ಬೇರೆ, ಎಡಪಂಥದ ಪ್ರಶ್ನೆ ಬೇರೆ ಎನ್ನುವವರು ಈ ಮೂರು ಘಟನೆಗಳನ್ನು ಒಟ್ಟಿಗಿಟ್ಟು ನೋಡಬೇಕು.

ಕೇಂದ್ರದ ಚುನಾವಣೆಯಲ್ಲಿ ಇದು ನೇರವಾಗಿ ಕೇಳಬಹುದಾದ ಪ್ರಶ್ನೆ. 2025ರ ಪ್ರಚಾರದಲ್ಲಿ ಪೊಲಿಯೆವ್ ತಾವು ಪ್ರಧಾನಿಯಾದರೆ ಶಿಕ್ಷೆಯ ಅವಧಿ ಹೆಚ್ಚಿಸಲು 33ನೇ ಕಲಂ ಬಳಸುವುದಾಗಿ ಹೇಳಿದರು. ಅದುವರೆಗೆ ಯಾವ ಕೇಂದ್ರ ಸರ್ಕಾರವೂ ಆ ಕೆಲಸ ಮಾಡಿರಲಿಲ್ಲ. ಕಾರ್ನಿ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ, ಈ ಅಧಿಕಾರಕ್ಕೊಂದು ಮಿತಿ ಇರಬೇಕೆಂದು ಲಿಖಿತ ವಾದ ಸಲ್ಲಿಸಿತು. ನನ್ನ ಮಟ್ಟಿಗೆ ಲಿಬರಲ್ ಮತ್ತು ಕನ್ಸರ್ವೇಟಿವ್ ಎರಡೂ ಒಂದೇ ಎಂಬ ಎಡಪಂಥೀಯರ ಹಳೆಯ ಮಾತು ನಿಲ್ಲದೆ ಹೋಗುವುದು ಇಲ್ಲಿ. ಆರ್ಥಿಕ ನೀತಿಯಲ್ಲಿ ಅಂತರ ಕಿರಿದಾಗಿರಬಹುದು. ಹಕ್ಕಿನ ವಿಷಯದಲ್ಲಿ ಅಂತರವಿದೆ.

ಯಾವ ಪ್ರಶ್ನೆಯನ್ನು ಯಾವ ಚುನಾವಣೆಯಲ್ಲಿ ಕೇಳಬೇಕೆಂಬ ವಿವೇಕವೂ ಬೇಕು. ಒಂಟಾರಿಯೊದಲ್ಲಿ ಸರ್ಕಾರ ಕ್ಯಾಥೊಲಿಕ್ ಶಾಲೆಗಳಿಗೆ ಪೂರ್ತಿ ಹಣ ಕೊಡುತ್ತದೆ, ಬೇರೆ ಯಾವ ಧರ್ಮದ ಶಾಲೆಗೂ ಕೊಡುವುದಿಲ್ಲ. 1867ರ ಸಂವಿಧಾನದ ಈ ಉಳಿಕೆಯನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲೇ ತಾರತಮ್ಯವೆಂದು ಹೇಳಿತು. ಪ್ರಾಂತ್ಯದ ಪಕ್ಷಗಳಲ್ಲಿ ಒಂದೇ ಸಾರ್ವಜನಿಕ ಶಾಲಾ ವ್ಯವಸ್ಥೆ ಬೇಕೆಂದು ಬಹುಕಾಲದಿಂದ ಹೇಳುತ್ತ ಬಂದದ್ದು ಗ್ರೀನ್ ಪಕ್ಷ. ನನಗಿದು ಬಹಳ ಮುಖ್ಯ ವಿಷಯ. ಆದರೆ ಅದನ್ನು ಸರಿಪಡಿಸುವ ಕೆಲಸ ಶುರುವಾಗಬೇಕಾದ್ದು ಟೊರಾಂಟೊದ ಕ್ವೀನ್ಸ್ ಪಾರ್ಕಿನಲ್ಲಿರುವ ಪ್ರಾಂತ್ಯದ ಶಾಸನಸಭೆಯಲ್ಲಿ, ಒಟ್ಟಾವಾದಲ್ಲಲ್ಲ. ಕೇಂದ್ರದ ಮತಪತ್ರದಲ್ಲಿ ಈ ಸಿಟ್ಟನ್ನು ತೀರಿಸಿಕೊಂಡರೆ ಮತ ವ್ಯರ್ಥವೇ. ಕೇಂದ್ರದ ಕೈಯಲ್ಲಿರುವುದು ದಂಡಸಂಹಿತೆ, ದಯಾಮರಣದ ಕಾನೂನು, ಧಾರ್ಮಿಕ ಸಂಸ್ಥೆಗಳ ತೆರಿಗೆ ವಿನಾಯಿತಿ, ನ್ಯಾಯಾಧೀಶರ ನೇಮಕ. ದೇವನಿಂದೆಯನ್ನು ಅಪರಾಧವೆನ್ನುತ್ತಿದ್ದ ಕಲಂ ದಂಡಸಂಹಿತೆಯಿಂದ ಹೊರಬಿದ್ದದ್ದು 2018ರಲ್ಲಿ, ಟ್ರುಡೊ ಕಾಲದಲ್ಲಿ. ಗದ್ದಲವಿಲ್ಲದೆ ಆದ ಒಳ್ಳೆಯ ಕೆಲಸ ಅದು.

ಎಡಪಂಥೀಯರಿಗೆ ಎಚ್ಚರ ಬೇಕಾದ ಇನ್ನೊಂದು ಜಾಗ ಅಲ್ಪಸಂಖ್ಯಾತ ಸಮುದಾಯಗಳ ಒಳಗಿನ ಅಧಿಕಾರ. ಒಂಟಾರಿಯೊದಲ್ಲಿ ಕೌಟುಂಬಿಕ ವ್ಯಾಜ್ಯಗಳನ್ನು ಧಾರ್ಮಿಕ ನಿಯಮದಂತೆ ಪಂಚಾಯಿತಿಯಲ್ಲಿ ಬಗೆಹರಿಸಿಕೊಳ್ಳಲು 1991ರ ಕಾನೂನು ಎಡೆ ಮಾಡಿತ್ತು. ಷರಿಯಾ ಆಧಾರದ ಪಂಚಾಯಿತಿಯ ಪ್ರಸ್ತಾವ ಬಂದಾಗ, ಹಿಂದೆ ಎನ್‌ಡಿಪಿ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆಗಿದ್ದ ಮೇರಿಯನ್ ಬಾಯ್ಡ್ 2004ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ, ಕೆಲವು ರಕ್ಷಣೆಗಳೊಂದಿಗೆ ಅದಕ್ಕೆ ಅವಕಾಶವಿರಲಿ ಎಂದಿತು. ಬಹುಸಂಸ್ಕೃತಿಯ ಮೇಲಿನ ಗೌರವ ಎಡಪಂಥೀಯರ ಬಾಯಿ ಕಟ್ಟಿಹಾಕಿತ್ತು. ವಿರೋಧಿಸಿ ನಿಂತವರಲ್ಲಿ ಮುಂದಿದ್ದವರು ಮುಸ್ಲಿಂ ಮಹಿಳೆಯರೇ. 2005ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಡಾಲ್ಟನ್ ಮೆಗಿಂಟಿ ಎಲ್ಲ ಧರ್ಮಗಳ ಪಂಚಾಯಿತಿಗೂ ತೆರೆ ಎಳೆದರು. ತಾರತಮ್ಯವಿಲ್ಲದೆ ಎಲ್ಲ ಧರ್ಮಕ್ಕೂ ಒಂದೇ ನಿಯಮ ಮಾಡಿದ್ದರಿಂದ ಅದು ನ್ಯಾಯವಾಯಿತು. ಹೊರಗಿನವರ ದ್ವೇಷದಿಂದ ಸಮುದಾಯವನ್ನು ಕಾಯುವುದು, ಸಮುದಾಯದೊಳಗಿನ ದುರ್ಬಲರನ್ನು ಅದರ ಮುಖಂಡರಿಂದ ಕಾಯುವುದು, ಈ ಎರಡನ್ನೂ ಒಟ್ಟಿಗೆ ಮಾಡಬಲ್ಲ ಅಭ್ಯರ್ಥಿಯನ್ನು ನಾನು ಹುಡುಕುತ್ತೇನೆ.

ನಮ್ಮ ಕಡೆಯವರ ಮಾತನ್ನೂ ಆಡಲೇಬೇಕು. ಒಂಟಾರಿಯೊದ ಬ್ರಾಂಪ್ಟನ್, ಮಿಸಿಸಾಗಾ ನಗರಗಳಲ್ಲಿ ಚುನಾವಣೆ ಬಂತೆಂದರೆ ಎಲ್ಲ ಪಕ್ಷದ ಅಭ್ಯರ್ಥಿಗಳೂ ದೇವಸ್ಥಾನ, ಗುರುದ್ವಾರ, ಮಸೀದಿ, ಚರ್ಚುಗಳ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ಎನ್‌ಡಿಪಿಯೂ ಇದಕ್ಕೆ ಹೊರತಲ್ಲ. ಮತದಾರರನ್ನು ನಾಗರಿಕರೆಂದು ಕಾಣದೆ ಧರ್ಮದ ಲೆಕ್ಕದಲ್ಲಿ ಎಣಿಸುವ ಈ ಪರಿಪಾಠ 2024ರ ನವೆಂಬರ್‌ನಲ್ಲಿ ಬ್ರಾಂಪ್ಟನ್‌ನ ಹಿಂದೂ ಸಭಾ ಮಂದಿರದ ಮುಂದೆ ನಡೆದಂಥ ಹೊಡೆದಾಟಕ್ಕೆ ನೆಲ ಹದ ಮಾಡುತ್ತದೆ. ಕನ್ನಡಿಗರಿಗೆ ಇನ್ನೊಂದು ಸೆಳೆತವೂ ಇತ್ತು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ 2015ರಿಂದ ಮೂರು ಬಾರಿ ಒಟ್ಟಾವಾದ ನೇಪಿಯನ್ ಕ್ಷೇತ್ರದ ಲಿಬರಲ್ ಸಂಸದರಾಗಿದ್ದರು. 2022ರ ಮೇ ತಿಂಗಳಲ್ಲಿ ಅವರು ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದು ಕೇಳಿ ನನ್ನ ಕಣ್ಣೂ ಒದ್ದೆಯಾಯಿತು. ನವೆಂಬರ್ ತಿಂಗಳನ್ನು ಹಿಂದೂ ಪರಂಪರೆಯ ಮಾಸವೆಂದು ಘೋಷಿಸುವ ನಿರ್ಣಯವನ್ನು ಸದನದಲ್ಲಿ ತಂದವರೂ ಅವರೇ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಯಾವ ಧರ್ಮಕ್ಕೂ ಪ್ರಭುತ್ವ ತಿಂಗಳು ಹಂಚಬಾರದು. 2025ರ ಮಾರ್ಚ್‌ನಲ್ಲಿ ಪಕ್ಷ ಅವರ ಟಿಕೆಟ್ ರದ್ದುಮಾಡಿತು, ಅದೇ ನೇಪಿಯನ್‌ನಿಂದ ಕಾರ್ನಿ ನಿಂತು ಗೆದ್ದರು. ಭಾಷೆಯ ಅಭಿಮಾನ ನನ್ನ ಹೃದಯದಲ್ಲಿರುತ್ತದೆ, ಆದರೆ ಅದರ ಮೇಲೆ ನಾನು ಮತ ಹಾಕಲಾರೆ. ಹಲ್ಲಿನ ಚಿಕಿತ್ಸೆಯ ಪರ ಯಾರು, ಮುಷ್ಕರದ ಹಕ್ಕಿನ ಪರ ಯಾರು ಎಂದು ಕೇಳುವಾಗ ಅಭ್ಯರ್ಥಿಯ ಮಾತೃಭಾಷೆಯಿಂದ ಉತ್ತರ ಸಿಗುವುದಿಲ್ಲ.

ಇಷ್ಟನ್ನೂ ಇಟ್ಟುಕೊಂಡು ಮತಪತ್ರದ ಮುಂದೆ ನಿಂತಾಗ ಏನು ಮಾಡಬೇಕು? ಎಡಪಕ್ಷದ ಅಭ್ಯರ್ಥಿ ಹಾಲಿ ಸದಸ್ಯರಾಗಿದ್ದರೆ ಅಥವಾ ಕಳೆದ ಚುನಾವಣೆಗಳಲ್ಲಿ ಎರಡನೇ ಸ್ಥಾನದಲ್ಲಿದ್ದರೆ ದೇಶದ ಗಾಳಿ ಎತ್ತ ಬೀಸಿದರೂ ಅವರಿಗೇ ಹಾಕಿ. ವಿಂಡ್ಸರ್ ವೆಸ್ಟ್ ಕಲಿಸಿದ್ದು ಅದನ್ನು. ಲಿಬರಲ್ ಮತ್ತು ಕನ್ಸರ್ವೇಟಿವ್ ಸಮಬಲದ ಪೈಪೋಟಿಯಲ್ಲಿದ್ದು ಎಡಪಕ್ಷ ದೂರದ ಮೂರನೆಯದಾಗಿದ್ದರೆ ಲಿಬರಲ್‌ಗೆ ಹಾಕಿ. ಅದಕ್ಕೆ ಸಂಕೋಚ ಬೇಡ. ಬಿಗಿ ಪೈಪೋಟಿಯಲ್ಲಿ ಒಂದೊಂದು ಮತಕ್ಕೂ ಬೆಲೆಯಿದೆ: 2025ರಲ್ಲಿ ಕ್ವಿಬೆಕ್‌ನ ಟೆರ್‌ಬೊನ್ ಕ್ಷೇತ್ರದಲ್ಲಿ ಮರು ಎಣಿಕೆಯ ನಂತರ ಬ್ಲಾಕ್ ಮತ್ತು ಲಿಬರಲ್ ನಡುವೆ ಉಳಿದ ಅಂತರ ಒಂದೇ ಒಂದು ಮತ. ವಿಳಾಸದ ಪಿನ್‌ಕೋಡ್ ತಪ್ಪು ಮುದ್ರಣವಾಗಿ ಬ್ಲಾಕ್ ಮತದಾರರೊಬ್ಬರ ಅಂಚೆ ಮತ ವಾಪಸಾಗಿತ್ತು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಇನ್ನು ಯಾರು ಗೆಲ್ಲುವರೆಂದು ಮೊದಲೇ ನಿಶ್ಚಯವಾಗಿರುವ ಕ್ಷೇತ್ರಗಳು ಬಹಳ ಇವೆ. ಅಲ್ಲಿ ಎಡಕ್ಕೆ ಹಾಕಿದ ಮತ ಪೋಲು ಎಂಬುದು ತಪ್ಪು ತಿಳುವಳಿಕೆ. ಶೇ 10ರಷ್ಟು ಮತ ಪಡೆದ ಅಭ್ಯರ್ಥಿಗೆ ಚುನಾವಣಾ ಖರ್ಚಿನ ಶೇ 60 ಸರ್ಕಾರದಿಂದ ಮರಳಿ ಸಿಗುತ್ತದೆ. 2025ರಲ್ಲಿ ಎನ್‌ಡಿಪಿಯ ಬಹುಪಾಲು ಅಭ್ಯರ್ಥಿಗಳು ಆ ಗೆರೆ ಮುಟ್ಟಲಿಲ್ಲ. ಕಂಪನಿಗಳಿಂದಾಗಲಿ ಕಾರ್ಮಿಕ ಸಂಘಟನೆಗಳಿಂದಾಗಲಿ ಪಕ್ಷಗಳು ದೇಣಿಗೆ ಪಡೆಯುವಂತಿಲ್ಲದ ಈ ದೇಶದಲ್ಲಿ ಸಾಲದಲ್ಲಿ ಮುಳುಗಿದ ಪಕ್ಷ ಮುಂದಿನ ಚುನಾವಣೆಗೆ ಕಾರ್ಯಕರ್ತರನ್ನೂ ಇಟ್ಟುಕೊಳ್ಳಲಾರದು.

ಈ ಲೆಕ್ಕಾಚಾರವೆಲ್ಲ ಬೇಕಾಗಿರುವುದು ಚುನಾವಣಾ ಪದ್ಧತಿ ಕೆಟ್ಟದಾಗಿರುವುದರಿಂದ. 2011ರಲ್ಲಿ ಸ್ಟೀಫನ್ ಹಾರ್ಪರ್ ಶೇ 40ಕ್ಕಿಂತ ಕಡಿಮೆ ಮತ ಪಡೆದು ಪೂರ್ಣ ಬಹುಮತದ ಸರ್ಕಾರ ನಡೆಸಿದರು. 2015ರ ಚುನಾವಣೆಯೇ ಈ ಪದ್ಧತಿಯ ಕೊನೆಯ ಚುನಾವಣೆ ಎಂದು ಟ್ರುಡೊ ಮಾತು ಕೊಟ್ಟರು, ಗೆದ್ದರು, 2017ರ ಫೆಬ್ರವರಿಯಲ್ಲಿ ಕೈಬಿಟ್ಟರು. ಆಗ ಅವರಿಗೆ ಬಹುಮತವಿತ್ತು, ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ. ಮತಕ್ಕೆ ತಕ್ಕ ಸ್ಥಾನ ಕೊಡುವ ಪದ್ಧತಿ ಬರುವುದಿದ್ದರೆ ಅದು ಬಹುಮತವಿಲ್ಲದ ಸರ್ಕಾರವೊಂದರಿಂದ, ಎಡಪಕ್ಷ ಬೆಂಬಲದ ಬೆಲೆಯಾಗಿ ಅದನ್ನು ಕೇಳಿದಾಗ ಮಾತ್ರ ಎಂಬುದು ನನ್ನ ದೃಢ ನಂಬಿಕೆ.

ಕೆನಡಾದಲ್ಲಿ ಮತದ ಹಕ್ಕಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಚುನಾವಣೆ ಘೋಷಣೆಯಾದ ದಿನ ಸಮೀಕ್ಷೆಗಳನ್ನು ಬದಿಗಿಡಿ. ಎಲೆಕ್ಷನ್ಸ್ ಕೆನಡಾ ನಿಮ್ಮ ಕ್ಷೇತ್ರದ ಹಿಂದಿನ ಫಲಿತಾಂಶಗಳನ್ನೆಲ್ಲ ಪ್ರಕಟಿಸಿದೆ, ತೆಗೆದು ನೋಡಿ. ಗಡಿ ಬದಲಾಗಿದೆಯೇ ಎಂಬುದನ್ನೂ ಗಮನಿಸಿ. ಮನೆಬಾಗಿಲಿಗೆ ಬಂದ ಅಭ್ಯರ್ಥಿಯನ್ನು 33ನೇ ಕಲಂ ಬಗ್ಗೆ, 107ನೇ ಕಲಂ ಬಗ್ಗೆ ಕೇಳಿ. ಆಮೇಲೆ ತೀರ್ಮಾನಿಸಿ.